ತಂಪಿನ ಯಂತ್ರ, ಗೋಡೆಯೊಳಗಿನ ತಂತಿ



ಕಳೆದ ವೈಶಾಖದಲ್ಲಿ ಬನಹಟ್ಟಿಯ ನೇಕಾರ ಭಕ್ತರೊಬ್ಬರ ಮನೆಗೆ ನಾವು ಪ್ರಸಾದಕ್ಕೆ ಹೋಗಿದ್ದೆವು. ವೃದ್ಧ ತಾಯಿಯವರಿಗೆ ಸೆಕೆ ತಾಳದೆಂದು ಮಗನು ಒಂದೂವರೆ ಟನ್ನಿನ ಎ.ಸಿ. ಕೂರಿಸಿದ್ದನು. ಊಟದ ನಡುವೆ ಎಂ.ಸಿ.ಬಿ. ಬಿದ್ದು ಮನೆ ಕತ್ತಲಾಯಿತು. “ದಿನಾ ಹಿಂಗ ಕಾಡ್ತೈತ್ರಿ ಅಜ್ಜಾರ, 10ರದ್ದು ತಗದು ನಾಳೆ 32ರದ್ದು ಹಾಕಸ್ತೀನ್ರಿ” ಎಂದನು. ನಾವು ಕೈಯ ತುತ್ತನ್ನು ತಟ್ಟೆಗಿರಿಸಿ, ಬೇಡವೆಂದೆವು.

ಎಂ.ಸಿ.ಬಿ. ಇರುವುದು ಗೋಡೆಯೊಳಗಿನ ತಂತಿಯನ್ನು ಕಾಯಲು. ಅಂಥ ಎ.ಸಿ. ಸುಮಾರು 7–8 ಆಂಪಿಯರ್ ಎಳೆಯುತ್ತದೆ. ಆ ಮನೆಯಲ್ಲಿ ಅದು ದೀಪ, ಪಂಖಾ, ಫ್ರಿಜ್‌ಗಳ ತಂತಿಗೇ ಜೋಡಿಸಲ್ಪಟ್ಟಿತ್ತು. ತಂತಿಯಲ್ಲಿ ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. 32 ಆಂಪಿಯರಿನದನ್ನು ಹಾಕಿದರೆ ತೆಳು ತಂತಿಯ ಹೊದಿಕೆ ಕರಗಿದರೂ ಅದು ಬೀಳದು. ಹಿಂದೆ ಫ್ಯೂಜಿಗೆ ತಾಮ್ರದ ಎಳೆಗಳನ್ನು ಹುರಿಗೊಳಿಸಿ ಕಟ್ಟುತ್ತಿದ್ದ ಜಾಣತನವೇ ಈಗ ಹೊಸ ವೇಷದಲ್ಲಿ ಬಂದಿದೆ. ಜಮಖಂಡಿ, ಮುಧೋಳಗಳ ಜಂತಿ ಮಾಳಿಗೆಯ ಹಳೆಯ ಮನೆಗಳಲ್ಲಿ ತಂತಿಯ ಪಕ್ಕದಲ್ಲಿರುವುದು ಒಣಗಿದ ಕಟ್ಟಿಗೆಯೆಂಬುದನ್ನು ಮರೆಯಲಾಗದು. ಆಲಮಟ್ಟಿ ಹಿನ್ನೀರಿನಿಂದಾಗಿ ಸ್ಥಳಾಂತರಗೊಂಡ ಬೀಳಗಿ ಸೀಮೆಯವರ ಮನೆಗಳು ಅಷ್ಟು ಹಳೆಯವಲ್ಲ. ಆದರೆ ಕೋಣೆ ಕೂಡಿಸಿದಾಗಲೆಲ್ಲ ತಂತಿಗೆ ತಂತಿ ಗಂಟುಹಾಕಿದ್ದರೆ ಆ ಗಂಟೇ ಮೊದಲು ಬಿಸಿಯಾಗುತ್ತದೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳು ತಿರುಗುವಾಗ ವೋಲ್ಟೇಜ್ ಇಳಿದರೆ ಕಂಪ್ರೆಸರ್ ಇನ್ನೂ ಹೆಚ್ಚು ಪ್ರವಾಹ ಎಳೆಯುವುದು.

ಆದುದರಿಂದ ಎ.ಸಿ.ಗೆ ಮುಖ್ಯ ಬೋರ್ಡಿನಿಂದಲೇ ಪ್ರತ್ಯೇಕ ತಂತಿ ಬೇಕು: 4 ಚದರ ಮಿಲಿಮೀಟರಿನ ತಾಮ್ರದ್ದು, 20 ಆಂಪಿಯರಿನ ‘ಸಿ’ ಮಾದರಿಯ ಎಂ.ಸಿ.ಬಿ.ಯೊಡನೆ. ಕಂಪ್ರೆಸರ್ ಎದ್ದು ನಿಲ್ಲುವ ಕ್ಷಣದಲ್ಲಿ ಹಲವು ಪಟ್ಟು ಪ್ರವಾಹ ಬೇಡುವುದರಿಂದ ‘ಬಿ’ ಮಾದರಿಯು ವೃಥಾ ಬೀಳಬಹುದು. ‘ಇನ್ವರ್ಟರ್ ಎ.ಸಿ.’ ಮೆಲ್ಲನೆ ಏಳುವುದಾದರೂ ಅದಕ್ಕೂ ಪ್ರತ್ಯೇಕ ತಂತಿಯೇ ಸರಿ. ಹೆಸರಿಗೆ ಮರುಳಾಗಿ ಅದನ್ನು ಮನೆಯ ಬ್ಯಾಟರಿ ಇನ್ವರ್ಟರಿಗೆ ಜೋಡಿಸಿದವರನ್ನೂ ನಾವು ಕಂಡಿದ್ದೇವೆ! ಮಂಜೂರಾದ ಲೋಡ್ ಸಾಲದಿದ್ದರೆ ಹೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು.

ಇಷ್ಟೆಲ್ಲ ತಂತಿಯ ಮಾತಾಯಿತು. ಮನುಷ್ಯನ ಜೀವದ ಮಾತು ಬೇರೆಯೇ ಇದೆ. ಆಂಪಿಯರಿನ ಹತ್ತನೆಯ ಒಂದು ಭಾಗವೂ ಪ್ರಾಣ ತೆಗೆಯಬಲ್ಲದು; 20ರ ಎಂ.ಸಿ.ಬಿ.ಗೆ ಅದು ತಿಳಿಯುವುದೇ ಇಲ್ಲ. ಅದನ್ನು ಅರಿಯುವುದು 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಅದರ ಜೊತೆಗೆ ಅರ್ಥಿಂಗ್ ಸರಿಯಿರಬೇಕು. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಒಣ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಒಯ್ಯದು. ಎ.ಸಿ. ಹಗಲಿರುಳು ನಡೆಯುವ ಕಾಲದಲ್ಲಿಯೇ ಅರ್ಥಿಂಗ್ ದುರ್ಬಲವಾಗುವುದು.

ಆ ಮನೆಯಲ್ಲಿ ಅರ್ಥಿಂಗ್ ಗುಂಡಿ ಎಲ್ಲಿದೆಯೆಂದು ಕೇಳಿದೆವು. ಮಗನಿಗೆ ತಿಳಿದಿರಲಿಲ್ಲ. ಒಳಗಿನಿಂದ ತಾಯಿಯವರು, “ಪತ್ರಿ ಗಿಡದ ಬಾಜೂಕ, ಕಟಗಿ ಒಟ್ಟೀರಲ್ಲ, ಅದರ ಕೆಳಗ ಐತ್ರಿ” ಎಂದರು. ಎಂಟು ದಿನಗಳಲ್ಲಿ ಲೈಸೆನ್ಸ್ ಪಡೆದ ವೈರಮನ್ ಬಂದು ಹೊಸ ತಂತಿ ಎಳೆದನಂತೆ. ಕಟ್ಟಿಗೆಯ ಒಟ್ಟಲು ಜರುಗಿದೆ. ಈಗ ಪತ್ರಿ ಗಿಡಕ್ಕೆ ನೀರೆರೆಯುವಾಗ ಸೊಸೆಯು ಆ ಗುಂಡಿಗೂ ಒಂದು ಕೊಡ ಸುರಿಯುತ್ತಾಳೆ.