ಊಟ ಬಿಟ್ಟಿ, ಮನೆ ಇಲ್ಲ: ಪೊಲೀಸರೊಡನೆ ನಮ್ಮ ತಲೆಕೆಳಗಾದ ವ್ಯವಹಾರ



ನಮ್ಮ ಊರುಗಳಲ್ಲಿ ಪೊಲೀಸರಿಗೆ ಎರಡು ಬಗೆಯ ಮರ್ಯಾದೆ ನಡೆಯುತ್ತದೆ. ಖಾಕಿ ತೊಟ್ಟು ಖಾನಾವಳಿಗೆ ಬಂದರೆ "ಬರ್ರಿ ಸಾಹೇಬ್ರ, ಕೂಡ್ರಿ" ಎಂದು ಕುರ್ಚಿ ಒರೆಸಿಕೊಡುತ್ತೇವೆ, ಬಿಲ್ಲಿನ ಮಾತೇ ಎತ್ತುವುದಿಲ್ಲ. ಅದೇ ಮನುಷ್ಯ ಅದೇ ದಿನ ಸಂಜೆ ಅಂಗಿ ಬದಲಿಸಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು "ಮನಿ ಬಾಡಿಗಿಗೆ ಐತೇನ್ರಿ?" ಎಂದು ಕೇಳಿದರೆ "ಇಲ್ರಿ, ನಿನ್ನೆನ ಹೋತು" ಎನ್ನುತ್ತೇವೆ. 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಬಾಗಿಲ ಮೇಲೆ ಹಾಗೇ ತೂಗುತ್ತಿರುತ್ತದೆ. ನಿರಾಕರಿಸಬೇಕಾದ್ದನ್ನು ಕೊಡುತ್ತೇವೆ, ಕೊಡಬೇಕಾದ್ದನ್ನು ನಿರಾಕರಿಸುತ್ತೇವೆ. ಬಸವತತ್ವವನ್ನು ಒಪ್ಪಿಕೊಂಡವರಿಗೆ ಇದು ಶೋಭೆಯಲ್ಲ ಎಂಬುದು ನನ್ನ ವಾದ. ಯಾರಿಗಾದರೂ ಬೇಸರವಾದರೆ ಆಗಲಿ.

ಮೊದಲು ಮನೆಯ ವಿಚಾರ. ನಾನು ಸರ್ಕಾರದ ಕಾಮಗಾರಿ ಇಲಾಖೆಯೊಂದರಲ್ಲಿ ಸಹಾಯಕ ಇಂಜಿನಿಯರ್ ಆಗಿ ಸೇರಿ 34 ವರ್ಷ ದುಡಿದು ನಿವೃತ್ತನಾದವನು. 9 ಸಲ ವರ್ಗವಾಗಿದೆ. ಒಂದು ಊರಿನಲ್ಲಾದರೂ ನನಗೆ ಮನೆ ಇಲ್ಲ ಎಂದವರಿಲ್ಲ. 'ಇಂಜಿನಿಯರ್ ಸಾಹೇಬ್ರು' ಎಂದು ಕೇಳಿದೊಡನೆ ಬಾಡಿಗೆಯಲ್ಲಿ ನೂರು ರೂಪಾಯಿ ಬಿಟ್ಟುಕೊಟ್ಟವರೂ ಇದ್ದಾರೆ. ಕಾಮಗಾರಿ ಇಲಾಖೆಗಳ ಪರ್ಸೆಂಟೇಜ್ ಮಾತು ಊರಿಗೆಲ್ಲ ಗೊತ್ತಿರುವುದೇ. ಆದರೂ ಇಂಜಿನಿಯರು ಬಾಡಿಗೆಗೆ ಯೋಗ್ಯ, ಕಾನ್‌ಸ್ಟೆಬಲ್ ಅಯೋಗ್ಯ! ಇದು ಪ್ರಾಮಾಣಿಕತೆಯ ಲೆಕ್ಕವಲ್ಲವೆಂಬುದು ಇದರಿಂದಲೇ ಸಿದ್ಧವಾಗುತ್ತದೆ. ಬಟ್ಟೆ ನೋಡಿ ಮನುಷ್ಯನನ್ನು ಅಳೆಯುವ ಹಳೆಯ ರೋಗವಿದು.

ಮನೆ ಮಾಲೀಕರು ಹೇಳುವ ಕಾರಣಗಳು ನನಗೂ ಗೊತ್ತು. ಬಾಡಿಗೆ ಕೊಡುವುದಿಲ್ಲ, ಬಿಡು ಎಂದರೆ ಬಿಡುವುದಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬಂದು ಹೋಗುತ್ತಾರೆ. ಹಾಗೆ ಮಾಡಿದವರು ಇಲ್ಲವೆನ್ನಲಾರೆ. ಆದರೆ ಬಾಡಿಗೆ ಬಾಕಿ ಇಟ್ಟುಹೋದ ಪ್ರೊಫೆಸರನ್ನೂ ವ್ಯಾಪಾರಿಯನ್ನೂ ನಾನು ಕಂಡಿದ್ದೇನೆ. ಅವರಿಂದಾಗಿ ಎಲ್ಲ ಪ್ರೊಫೆಸರುಗಳಿಗೂ ಬಾಗಿಲು ಮುಚ್ಚಿದ್ದೇವೆಯೇ? 11 ತಿಂಗಳ ಕರಾರುಪತ್ರ, ಮುಂಗಡ ಹಣ ಇರುವುದು ಯಾತಕ್ಕೆ? ಇನ್ನು ಹೊತ್ತಲ್ಲದ ಹೊತ್ತಿನಲ್ಲಿ ಬರುವುದು ಅವರ ಚಟವಲ್ಲ, ಡ್ಯೂಟಿ. ಕಾಮನ್ ಕಾಸ್ ಸಂಸ್ಥೆ ಮತ್ತು ಸಿಎಸ್‌ಡಿಎಸ್‌ನ ಲೋಕನೀತಿ ವಿಭಾಗ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಈ ದೇಶದ ಪೊಲೀಸರು ದಿನಕ್ಕೆ ಸರಾಸರಿ 14 ತಾಸು ಕೆಲಸ ಮಾಡುತ್ತಾರೆ. ಸಂಘ ಕಟ್ಟಿಕೊಂಡು ಕೇಳೋಣವೆಂದರೆ 1966ರ ಕೇಂದ್ರ ಕಾಯ್ದೆ ಕೈ ಕಟ್ಟಿಹಾಕಿದೆ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆಂದು ನಮ್ಮ ರಾಜ್ಯದ ಪೊಲೀಸರು ಹೊರಟಾಗ ಸರ್ಕಾರ ಹೇಗೆ ಕಂಗಾಲಾಯಿತೆಂಬುದನ್ನು ಓದುಗರು ಮರೆತಿರಲಾರರು. ಅಂಥ ದುಡಿಮೆ ಮುಗಿಸಿ ನಡುರಾತ್ರಿ ಬರುವವನ ಬೈಕಿನ ಸದ್ದಿಗೆ ನಮ್ಮ ನಿದ್ದೆ ಕೆಡುತ್ತದೆ ಎನ್ನುವುದಾದರೆ, ಕಳ್ಳ ಬಂದಾಗ ಯಾರಿಗೆ ಫೋನ್ ಮಾಡುತ್ತೀರಿ?

ಕಾನೂನು ಏನು ಹೇಳುತ್ತದೆಂದು ಕೆಲವರು ಕೇಳಬಹುದು. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಕೆರೆ, ಬಾವಿಗಳಲ್ಲಿ ಭೇದ ಮಾಡಬಾರದೆಂದು ಹೇಳುವಾಗ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇಷ್ಟನ್ನೇ ಹೆಸರಿಸಿದೆ. ಉದ್ಯೋಗ ಆ ಪಟ್ಟಿಯಲ್ಲಿಲ್ಲ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೂ ಇಲ್ಲ. ಹಾಗಾಗಿಯೇ 2021ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಹೋಟೆಲು, ಸಮವಸ್ತ್ರದಲ್ಲಿ ಬಂದೂಕು ಸಹಿತ ಕೂತಿದ್ದ ಮೂವರು ಪೊಲೀಸರನ್ನು ಎದ್ದು ಹೋಗಿ ಎಂದು ಹೇಳಿತು. ದೊಡ್ಡ ಗದ್ದಲವಾಯಿತು, ಆಮೇಲೆ ಹೋಟೆಲಿನವರೇ ಕ್ಷಮೆ ಕೇಳಿದರು. ಕಾಯ್ದೆಯ ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ಮಾಡಬಹುದು ಎನ್ನುವುದು ವಕೀಲರ ಮಾತಾದೀತು, ಶರಣರ ಮಾತಾಗದು. ಕಾಯಕದಲ್ಲಿ ಮೇಲುಕೀಳಿಲ್ಲ ಎಂದವರು ನಾವು. ವಚನಕಾರರ ಸಾಲಿನಲ್ಲಿ ತಳವಾರ ಕಾಮಿದೇವಯ್ಯ ಇದ್ದಾನೆ. ತಳವಾರನೆಂದರೆ ಯಾರು? ಆ ಕಾಲದ ಊರ ಕಾವಲುಗಾರ, ಇಂದಿನ ಬೀಟ್ ಪೊಲೀಸ್. ಮಡಿವಾಳನಿಗೂ ಅಂಬಿಗನಿಗೂ ಕೊಟ್ಟ ಶರಣನ ಸ್ಥಾನವನ್ನು ಕಾವಲುಗಾರನಿಗೂ ಕೊಟ್ಟ ಪರಂಪರೆ ನಮ್ಮದು. ಆ ತಳವಾರ ಈಗ ಎದ್ದು ಬಂದು ಮನೆ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಕೀಲಿ ಕೊಟ್ಟಾರು?

ಇನ್ನು ಊಟದ ವಿಚಾರ. ಇಲ್ಲಿ ನಾನು ಪೊಲೀಸರ ಪರವಾಗಿಲ್ಲ.

ನಮ್ಮ ಸಂಬಂಧದಲ್ಲಿ ಒಬ್ಬ ಅಕ್ಕ ಖಾನಾವಳಿ ನಡೆಸುತ್ತಾಳೆ. ಯಾವ ಊರು, ಯಾವ ಠಾಣೆ ಎಂದು ಬರೆಯುವುದಿಲ್ಲ. ಬರೆದರೆ ನಾಳೆ ತೊಂದರೆ ಅನುಭವಿಸುವವಳು ಅವಳು. ದಿನಾ ಮಧ್ಯಾಹ್ನ ಠಾಣೆಯಿಂದ ಒಬ್ಬ ಹುಡುಗ ಬಂದು ನಾಲ್ಕು ಊಟ ಕಟ್ಟಿಸಿಕೊಂಡು ಹೋಗುತ್ತಾನೆ. ಊಟವೊಂದಕ್ಕೆ 80 ರೂಪಾಯಿ. ನಾಲ್ಕಕ್ಕೆ 320. ವರ್ಷದಲ್ಲಿ 300 ದಿನವೆಂದರೂ 96,000 ರೂಪಾಯಿ. ನಾನು ಅಳತೆ ಪುಸ್ತಕ ಬರೆದು ಬೆಳೆದವನು, ಇಂಥ ಲೆಕ್ಕ ತಲೆಯಲ್ಲಿ ತಾನಾಗಿಯೇ ಓಡುತ್ತದೆ. ಅವಳಲ್ಲಿ ರೊಟ್ಟಿ ಬಡಿಯುವ ಒಬ್ಬ ಹೆಣ್ಣುಮಗಳ ವರ್ಷದ ಕೂಲಿ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಬ್ಬ ಬಡವಿ ವರ್ಷವಿಡೀ ಬಡಿದ ರೊಟ್ಟಿಯ ಬೆಲೆ ಠಾಣೆಯ ಮೇಜಿಗೆ ಹೋಗುತ್ತಿದೆ. "ಯಾಕವ್ವಾ ಕೊಡ್ತೀ?" ಎಂದು ಕೇಳಿದೆ. "ರಾತ್ರಿ ಹತ್ತಕ್ಕ ಬಂದು ಬಾಗ್ಲಾ ಹಾಕಸ್ತಾರಪಾ, ಎದುರಿನ ಅಂಗಡಿ ಹನ್ನೊಂದರ ತನಕಾ ನಡೀತೈತಿ" ಎಂದಳು. ಎದುರಿನ ಅಂಗಡಿಯವನು ಏನು ಕೊಡುತ್ತಾನೋ ಅವನೇ ಬಲ್ಲ.

ಇದನ್ನು ನಮ್ಮ ಕೆಲವು ಹಿರಿಯರು "ಇರಲಿ ಬಿಡ್ರಿ, ಅನ್ನ ತಾನೆ, ದಾಸೋಹ ಅಂತ ತಿಳಕೊಳ್ಳೋಣ" ಎನ್ನುತ್ತಾರೆ. ಈ ಮಾತು ಕೇಳಿದಾಗ ನನಗೆ ಮೈ ಉರಿಯುತ್ತದೆ. ದಾಸೋಹ ಮನಸ್ಸಿನಿಂದ ಬರುತ್ತದೆ, ಮಾಮೂಲಿ ಹೆದರಿಕೆಯಿಂದ. ದಾಸೋಹದ ಪಂಕ್ತಿಯಲ್ಲಿ ಹಸಿದವರೆಲ್ಲರಿಗೂ ಎಲೆ. ಮಾಮೂಲಿಯಲ್ಲಿ ಅಧಿಕಾರ ಉಳ್ಳವನಿಗೆ ಮಾತ್ರ. ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದು ನಮ್ಮದಲ್ಲ, ಇದ್ದಲ್ಲೇ ಸುರಿದು ಬಾ ಎಂದವಳು ಆಕೆ. ತನ್ನ ಪಾಲಿನದಲ್ಲದ ಅನ್ನ ತಿನ್ನುವವನಷ್ಟೇ ಅದನ್ನು ಸುಮ್ಮನೆ ಕಟ್ಟಿಕೊಡುವವನೂ ಈ ಕಥೆಗೆ ಉತ್ತರ ಹೇಳಬೇಕಾಗುತ್ತದೆ.

ಕಾಯ್ದೆಯೂ ಹಾಗೇ ಇದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವವನೂ ಅಪರಾಧಿ. ಅದು ಹಣವೇ ಆಗಬೇಕೆಂದಿಲ್ಲ. ಒತ್ತಾಯಕ್ಕೆ ಮಣಿದು ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಟ್ಟವನಿಗೆ ರಕ್ಷಣೆಯಿದೆ. ನಮ್ಮ ರಾಜ್ಯದಲ್ಲಿ 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿದ ಮೇಲೆ ಇಂಥ ದೂರಿಗೆ ಲೋಕಾಯುಕ್ತವಿದೆ. ಆದರೆ ಒಬ್ಬ ಹೆಣ್ಣುಮಗಳು ಒಂಟಿಯಾಗಿ ಈ ಕೆಲಸ ಮಾಡಲಿ ಎಂದು ಹೇಳುವಷ್ಟು ಕಲ್ಲೆದೆ ನನಗಿಲ್ಲ. ಅವಳೊಬ್ಬಳು ಬಿಲ್ ಕೇಳಿದರೆ ಹಟಮಾರಿ. ಬೀದಿಯ ಹನ್ನೆರಡು ಅಂಗಡಿಯವರು ಒಂದೇ ದಿನ ಬಿಲ್ ಕೇಳಿದರೆ ಅದು ಊರಿನ ಪದ್ಧತಿ. ಗೋಡೆಯ ಮೇಲೆ ದರಪಟ್ಟಿ, ಅದರ ಕೆಳಗೆ 'ಎಲ್ಲರಿಗೂ ಇದೇ ದರ' ಎಂಬ ಒಂದು ಸಾಲು. ಯಾರನ್ನೂ ಬೈಯಬೇಕಾಗಿಲ್ಲ. ಪೊಲೀಸರಲ್ಲೂ ದುಡ್ಡು ಕೊಟ್ಟೇ ಉಣ್ಣಬೇಕೆನ್ನುವವರಿದ್ದಾರೆ. ಅವರಿಗೂ ಈ ಸಾಲಿನಿಂದ ನೆಮ್ಮದಿಯಾಗುತ್ತದೆ.

ಬೇಡ ಎನ್ನುವ ಹಕ್ಕು ಊಟಕ್ಕಷ್ಟೇ ಮುಗಿಯುವುದಿಲ್ಲ. ಅದರ ಗಡಿ ಎಲ್ಲಿಯವರೆಗೆ ಎಂಬುದನ್ನು ತಿಳಿದಿರಬೇಕು. ಅಪರಾಧಿ ತಪ್ಪಿಸಿಕೊಳ್ಳದಂತೆ ಹಿಡಿಯಲು, ಶಾಂತಿಭಂಗ ತಡೆಯಲು ಪೊಲೀಸರು ಸಹಾಯ ಕೇಳಿದರೆ ಕೊಡಲೇಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 31ನೇ ಕಲಂ ಹಾಗೆ ಹೇಳುತ್ತದೆ. ಅದೇ ಸಂಹಿತೆಯ 179ನೇ ಕಲಂ ಪ್ರಕಾರ ಸಾಕ್ಷಿ ವಿಚಾರಣೆಗೆಂದು ಹೆಂಗಸರನ್ನೂ, 15 ವರ್ಷದೊಳಗಿನ ಹುಡುಗರನ್ನೂ, 60 ದಾಟಿದ ಗಂಡಸರನ್ನೂ ಠಾಣೆಗೆ ಬಾ ಎಂದು ಒತ್ತಾಯಿಸುವಂತಿಲ್ಲ, ಅವರಿರುವಲ್ಲಿಗೇ ಪೊಲೀಸರು ಬರಬೇಕು. ನನ್ನ ವಯಸ್ಸಿನ ಎಷ್ಟು ಶರಣರಿಗೆ ಇದು ಗೊತ್ತಿದೆ? ಫೋನ್ ಬಂದೊಡನೆ ಧೋತರ ಸರಿಮಾಡಿಕೊಂಡು ಠಾಣೆಯ ಬೆಂಚಿನ ಮೇಲೆ ಅರ್ಧ ದಿನ ಕೂತು ಬರುತ್ತೇವೆ. ಹಕ್ಕಿರುವ ಕಡೆ ತಲೆಬಾಗಿ, ಹಕ್ಕಿಲ್ಲದ ಕಡೆ, ಅಂದರೆ ಕಾನ್‌ಸ್ಟೆಬಲ್‌ನ ಮಕ್ಕಳ ಮುಂದೆ, ಸೆಟೆದು ನಿಲ್ಲುತ್ತೇವೆ.

2024ರ ಡಿಸೆಂಬರ್ 10ರಂದು ಬೆಳಗಾವಿಯ ಸುವರ್ಣ ವಿಧಾನಸೌಧದ ಬಳಿ, 2ಎ ಮೀಸಲಾತಿಗಾಗಿ ಹೋರಾಟಕ್ಕಿಳಿದಿದ್ದ ಪಂಚಮಸಾಲಿ ಬಂಧುಗಳ ಮೇಲೆ ಲಾಠಿ ಬೀಸಲಾಯಿತು. ಆ ಬೇಡಿಕೆಯ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯಗಳಿವೆ, ಅದು ಬೇರೆ ಮಾತು. ಲಾಠಿ ಏಟು ಎಲ್ಲರಿಗೂ ನೋವು ತಂದಿತು. ಆ ವಾರ ನಮ್ಮ ಬಡಾವಣೆಯಲ್ಲಿ "ಇನ್ನ ಇವ್ರಿಗೆ ನೀರೂ ಕೊಡಬಾರದು" ಎಂಬ ಮಾತು ಕೇಳಿದೆ. ಸಿಟ್ಟು ಸಹಜ. ಆದರೆ ನೀರು ಕೊಡದಿದ್ದರೆ ಯಾರಿಗೆ ಶಿಕ್ಷೆ? ಆಜ್ಞೆ ಕೊಟ್ಟವರು ನಮ್ಮ ಬೀದಿಗೆ ನೀರು ಕೇಳಲು ಬರುವುದಿಲ್ಲ. ಬರುವವನು ಬಿಸಿಲಲ್ಲಿ ನಿಂತ ಕಾನ್‌ಸ್ಟೆಬಲ್. ಅವನಲ್ಲಿ ಅರ್ಧ ಪಾಲು ನಮ್ಮ ರೈತರ ಮನೆಯ ಹುಡುಗರೇ. ಲಾಠಿಯ ಲೆಕ್ಕ ಕೇಳಬೇಕಾದ ಜಾಗ ಬೇರೆ ಇದೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ, ಪೊಲೀಸರ ಮೇಲಿನ ದೂರುಗಳಿಗೆ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪ್ರಾಧಿಕಾರ ರಚಿಸಿ ಎಂದು ಆದೇಶಿಸಿತು. ನಮ್ಮ ರಾಜ್ಯ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅದಕ್ಕೆ ಅವಕಾಶ ಮಾಡಿತು. ನಮ್ಮ ಸಂಘಟನೆಗಳ ಸಭೆಗಳಲ್ಲಿ ಈ ಪ್ರಾಧಿಕಾರದ ಹೆಸರು ಒಮ್ಮೆಯೂ ನನ್ನ ಕಿವಿಗೆ ಬಿದ್ದಿಲ್ಲ. ನೀರಿನ ಮಾತು ಮಾತ್ರ ಬೀಳುತ್ತದೆ.

ಮಠಗಳಿಗೂ ಒಂದು ಮಾತು. ಪೂಜ್ಯರು ಕ್ಷಮಿಸಬೇಕು, ಹೇಳದೆ ಇರಲಾರೆ. ಜಾತ್ರೆಯ ಬಂದೋಬಸ್ತಿಗೆ ಬಂದ ಸಾಹೇಬರಿಗೆ ವೇದಿಕೆಯ ಮೇಲೆ ಶಾಲು, ಹಾರ, ಒಳಕೋಣೆಯಲ್ಲಿ ಬೇರೆ ಊಟ. ಬೆಳಗಿನಿಂದ ತೇರಿನ ಹಗ್ಗದ ಬಳಿ ನಿಂತ ಹೆಣ್ಣು ಕಾನ್‌ಸ್ಟೆಬಲ್‌ಗೆ ಶೌಚಾಲಯ ಎಲ್ಲಿದೆ ಎಂದು ತೋರಿಸುವವರಿಲ್ಲ. ಆ ಶಾಲು ಗೌರವವಲ್ಲ, ಮುಂದೆಂದೋ ಬೇಕಾಗುವ ಉಪಕಾರಕ್ಕೆ ಈಗಲೇ ಕೊಡುವ ಮುಂಗಡ. ಬಂದೋಬಸ್ತಿಗೆ ಬಂದವರು ಸಾಹೇಬರಿರಲಿ, ಸಿಪಾಯಿಯಿರಲಿ, ದಾಸೋಹದ ಮನೆಯಲ್ಲಿ ಎಲ್ಲರ ಪಂಕ್ತಿಯಲ್ಲಿ ಕೂತು ಪ್ರಸಾದ ಸ್ವೀಕರಿಸಲಿ. ಆ ಪಂಕ್ತಿಯಲ್ಲಿ ಉಣ್ಣುವುದಕ್ಕೆ ಯಾರೂ ಬಿಲ್ ಕೇಳುವುದಿಲ್ಲ.

ಮುಂದಿನ ತಿಂಗಳು ನಮ್ಮ ತಾಲ್ಲೂಕಿನ ಬಸವ ಬಳಗದ ಸಭೆಯಿದೆ. ಸದಸ್ಯರ ಅಂಗಡಿ, ಖಾನಾವಳಿಗಳಲ್ಲಿ ಒಂದೇ ದರದ ಫಲಕ ಹಾಕಬೇಕು, ಬಾಡಿಗೆ ಮನೆ ಇರುವ ಸದಸ್ಯರು ಪೊಲೀಸ್ ಎಂಬ ಕಾರಣಕ್ಕೆ ಯಾರನ್ನೂ ಬಾಗಿಲಿಂದ ಕಳಿಸಬಾರದು, ಈ ಎರಡನ್ನೂ ಒಂದೇ ಠರಾವಿನಲ್ಲಿ ಮಂಡಿಸುವವನಿದ್ದೇನೆ. ಮೊದಲರ್ಧವನ್ನು ಅಂಗಡಿಯವರು ವಿರೋಧಿಸುತ್ತಾರೆ, ಎರಡನೆಯ ಅರ್ಧವನ್ನು ಮನೆ ಮಾಲೀಕರು. ಬಿಡಿಸಿ ಬೇರೆ ಬೇರೆ ಮತಕ್ಕೆ ಹಾಕೋಣ ಎಂದು ಒಬ್ಬರು ಈಗಾಗಲೇ ಫೋನ್ ಮಾಡಿದ್ದಾರೆ. ನಾನು ಬಿಡಿಸುವುದಿಲ್ಲ. ವಿರೋಧವಿರುವವರು ಸಭೆಗೆ ಬಂದು ಎದುರಿಗೇ ಹೇಳಲಿ.