ಮಣ್ಣಿಲ್ಲದ ಮನೆಯಲ್ಲೊಂದು ಹಿಡಿ ಸೊಪ್ಪು



ಪುದೀನ, ಕೊತ್ತಂಬರಿ ಬೇಡದ ದಿನ ನಮ್ಮ ಅಡುಗೆಮನೆಗಳಲ್ಲಿ ಎಷ್ಟಿದೆ? ಬಿರಿಯಾನಿಗಿರಲಿ, ಕಬಾಬಿನ ಮಸಾಲೆಗಿರಲಿ, ಬರಿಯ ಚಟ್ನಿಗಿರಲಿ, ಒಂದು ಹಿಡಿ ಸೊಪ್ಪು ಬೇಕೇ ಬೇಕು. ಆದರೆ ತಿಲಕ್‌ನಗರ, ಗುರಪ್ಪನಪಾಳ್ಯ, ಇಲ್ಯಾಸ್ ನಗರಗಳ ಬಾಡಿಗೆ ಮನೆಗಳಲ್ಲಿ ಸೊಪ್ಪು ಬೆಳೆಯಲು ಅಂಗಳವೆಲ್ಲಿ? ತಾರಸಿಗೆ ಮಣ್ಣು ಹೊತ್ತರೆ ಮನೆ ಮಾಲೀಕರಿಗೆ ಭಾರದ ಚಿಂತೆ, ಸೋರಿಕೆಯ ಭಯ. ಇಂತಹ ಮನೆಗಳಿಗೆ ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವ ವಿಧಾನ ಒಂದು ಅನುಕೂಲ. ಇದನ್ನು ಹೈಡ್ರೋಪೋನಿಕ್ಸ್ ಅಥವಾ ಜಲಕೃಷಿ ಎನ್ನುತ್ತಾರೆ.

ಇದು ಹೊಸ ವಿದ್ಯೆಯೇನಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿಜ್ಞಾನಿ ಗೆರಿಕೆ 1937ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ನಮ್ಮ ದೇಶದಲ್ಲಿ 1946ರಲ್ಲಿ ಬಂಗಾಳದ ಕಾಲಿಂಪೋಂಗ್‌ನಲ್ಲಿ ಶೋಲ್ಟೋ ಡಗ್ಲಾಸ್ ಇದರ ಪ್ರಯೋಗ ನಡೆಸಿದರು. ನಮ್ಮ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಮಣ್ಣಿಲ್ಲದೆ ತರಕಾರಿ ಬೆಳೆಯುವ ವಿಧಾನಗಳನ್ನು ರೂಪಿಸಿದೆ.

ಈಗ ಜಾಹೀರಾತುಗಳ ಕಾಲ. ಪೈಪು, ಪಂಪು, ದೀಪಗಳಿರುವ ಕಿಟ್‌ಗಳು ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿವೆ. 'ಮನೆಯಲ್ಲೇ ಕುಳಿತು ಸಂಪಾದಿಸಿ' ಎಂಬ ಆಮಿಷವೂ ಜೊತೆಗಿರುತ್ತದೆ. ನೀವು ಕಷ್ಟಪಟ್ಟು ಕೂಡಿಟ್ಟ ಹಣವನ್ನು ಮೊದಲ ದಿನವೇ ಅದಕ್ಕೆ ಸುರಿಯಬೇಡಿ. ಒಂದು ಡಬ್ಬಿಯಲ್ಲಿ ಗಿಡ ಬೆಳೆಸಲು ಕಲಿತ ಮೇಲೆ ಹತ್ತು ಡಬ್ಬಿಯ ಯೋಚನೆ ಮಾಡಿದರಾಯಿತು.

ಮೊದಲ ಪಾಠಕ್ಕೆ ಪುದೀನವೇ ಸಾಕು. ಮಾರುಕಟ್ಟೆಯಿಂದ ತಂದ ಕಟ್ಟಿನಿಂದ ಬಾಡದ, ದಪ್ಪನೆಯ ನಾಲ್ಕೈದು ಕಡ್ಡಿ ಆರಿಸಿ. ಕೆಳಗಿನ ಎಲೆ ಕಿತ್ತು, ಕಡ್ಡಿಯ ಬುಡ ಮಾತ್ರ ಮುಳುಗುವಂತೆ ಲೋಟದ ನೀರಿನಲ್ಲಿಡಿ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಒಂದೆರಡು ವಾರದಲ್ಲಿ ಬಿಳಿ ಬೇರು ಕಾಣುತ್ತದೆ. ಆದರೆ ಬರಿಯ ನೀರಿನಲ್ಲಿ ಗಿಡ ಬಹಳ ದಿನ ಬಾಳದು. ಗಿಡಕ್ಕೆ ಮಣ್ಣಿನಿಂದ ಸಿಗುವುದು ಆಸರೆ, ನೀರು, ಗಾಳಿ ಮತ್ತು ಆಹಾರ. ಮಣ್ಣನ್ನು ತೆಗೆದ ಮೇಲೆ ಈ ನಾಲ್ಕನ್ನೂ ನಾವೇ ಒದಗಿಸಬೇಕು.

ಎರಡನೆಯ ಪಾಠಕ್ಕೆ ಪಾಲಕ್ ಆಗಬಹುದು. ಅಡುಗೆ ಎಣ್ಣೆಯ ಐದು ಲೀಟರಿನ ಖಾಲಿ ಕ್ಯಾನನ್ನು ಸೋಪು ಹಾಕಿ ಜಿಡ್ಡು ಹೋಗುವಂತೆ ತೊಳೆಯಿರಿ. ಬೆಳಕು ಒಳಗೆ ಹೋದರೆ ಪಾಚಿ ಕಟ್ಟುವುದರಿಂದ ಹೊರಗೆ ಕಪ್ಪು ಕಾಗದ ಅಥವಾ ದಪ್ಪ ಬಟ್ಟೆ ಸುತ್ತಿ. ತಳದಲ್ಲೂ ಬದಿಯಲ್ಲೂ ತೂತು ಮಾಡಿದ ಸಣ್ಣ ಪ್ಲಾಸ್ಟಿಕ್ ಕಪ್ಪಿನಲ್ಲಿ ತೊಳೆದ ತೆಂಗಿನ ನಾರಿನ ಪುಡಿ ತುಂಬಿ, ರಾತ್ರಿಯಿಡೀ ನೆನೆಸಿದ ಬೀಜ ಊರಿ. ಮೊಳಕೆ ಬಂದು ನಾಲ್ಕೈದು ಎಲೆ ಮೂಡಿದ ಮೇಲೆ ಕಪ್ಪನ್ನು ಕ್ಯಾನಿನ ಬಾಯಿಯಲ್ಲಿ ಕೂರಿಸಿ. ಕ್ಯಾನಿನ ನೀರು ಕಪ್ಪಿನ ತಳಕ್ಕೆ ತಾಗಿದರೆ ಸಾಕು. ದಿನ ಕಳೆದಂತೆ ನೀರು ಇಳಿಯುತ್ತದೆ, ಬೇರು ಕೆಳಗೆ ಚಾಚುತ್ತದೆ. ಮೇಲಿನ ಬೇರಿಗೆ ಗಾಳಿ ಸಿಗುತ್ತದೆ. ನೀರು ಇಳಿಯಿತೆಂದು ಗಾಬರಿಯಾಗಿ ಮತ್ತೆ ಕಂಠಮಟ್ಟ ತುಂಬಿಸಬೇಡಿ, ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಪಂಪಿಲ್ಲದ, ಕರೆಂಟಿಲ್ಲದ ಈ ವಿಧಾನವನ್ನು ಪ್ರಚಾರಕ್ಕೆ ತಂದವರು ಹವಾಯಿ ವಿಶ್ವವಿದ್ಯಾನಿಲಯದ ಬರ್ನಾರ್ಡ್ ಕ್ರಾಟ್ಕಿ.

ಗಿಡದ ಆಹಾರವನ್ನು ಅಂಗಡಿಯಿಂದಲೇ ತರಬೇಕು. ಯೂರಿಯಾ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಆಗದು. ಯೂರಿಯಾವನ್ನು ಗಿಡಕ್ಕೆ ಒಗ್ಗುವಂತೆ ಮಾಡುವುದು ಮಣ್ಣಿನ ಸೂಕ್ಷ್ಮಜೀವಿಗಳು. ಅಕ್ಕಿ ತೊಳೆದ ನೀರು, ಮಾಂಸ ತೊಳೆದ ನೀರು ಡಬ್ಬಿಯಲ್ಲಿ ಕೊಳೆತು ನಾರುತ್ತದೆ. ಜಲಕೃಷಿಯ ಪೋಷಕ ದ್ರಾವಣ ಸಾಮಾನ್ಯವಾಗಿ 'ಎ' ಮತ್ತು 'ಬಿ' ಎಂದು ಎರಡು ಬಾಟಲಿಯಲ್ಲಿ ಬರುತ್ತದೆ. ಅವೆರಡನ್ನು ನೇರವಾಗಿ ಬೆರೆಸಿದರೆ ಕ್ಯಾಲ್ಸಿಯಂ ಗಡ್ಡೆಕಟ್ಟಿ ತಳ ಸೇರುತ್ತದೆ. ಆದ್ದರಿಂದ ಮೊದಲು ಒಂದನ್ನು ನೀರಿಗೆ ಹಾಕಿ ಕಲಕಿ, ನಂತರ ಇನ್ನೊಂದನ್ನು ಹಾಕಿ. ಪ್ರಮಾಣ ಬಾಟಲಿಯ ಮೇಲಿರುತ್ತದೆ. ಎಳೆಯ ಸಸಿಗೆ ಅದರ ಅರ್ಧ ಸಾಕು. ಈ ದ್ರಾವಣವನ್ನು ಎಂದಿಗೂ ಶರಬತ್ತಿನ ಬಾಟಲಿಯಲ್ಲಿ ತುಂಬಿಡಬೇಡಿ. ಮನೆಯಲ್ಲಿ ಮಕ್ಕಳಿದ್ದಾರೆ.

ನೀರಿನ ವಿಷಯಕ್ಕೆ ಬರೋಣ. ಕಾವೇರಿ ನೀರು ಈ ಕೆಲಸಕ್ಕೆ ಒಗ್ಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಅನೇಕ ಕಡೆ ಲವಣ ಹೆಚ್ಚು. ಫಿಲ್ಟರಿನಿಂದ ಹೊರಹೋಗುವ ನೀರಿನಲ್ಲಿ ಇನ್ನೂ ಹೆಚ್ಚು. ಅಪಾರ್ಟ್‌ಮೆಂಟುಗಳಲ್ಲಿ ಉಪ್ಪು ಹಾಕಿ ಮೃದುಗೊಳಿಸಿದ ನೀರಿನಲ್ಲಿ ಸೋಡಿಯಂ ಇರುವುದರಿಂದ ಅದೂ ಬೇಡ. ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಅದನ್ನು ಹಿಡಿಯುವ ಬಗೆ ತಿಳಿಯಬೇಕಾದರೆ ಜಯನಗರ 5ನೇ ಬ್ಲಾಕ್‌ನಲ್ಲಿರುವ ಜಲಮಂಡಳಿಯ ಮಳೆನೀರು ಕೊಯ್ಲು ಕೇಂದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ.

2024ರ ಮಾರ್ಚ್ ತಿಂಗಳನ್ನು ನಾವ್ಯಾರೂ ಮರೆತಿಲ್ಲ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗಾಗಿ ಕಾದ ದಿನಗಳವು. ಆಗ ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಮಣ್ಣಿನ ಕುಂಡಕ್ಕೆ ಸುರಿದ ನೀರಿನಲ್ಲಿ ಸ್ವಲ್ಪ ತಳದಿಂದ ಹರಿದುಹೋಗುತ್ತದೆ, ಸ್ವಲ್ಪ ಆವಿಯಾಗುತ್ತದೆ. ಮುಚ್ಚಿದ ಕ್ಯಾನಿನ ನೀರಾದರೋ ಬಹುಪಾಲು ಗಿಡಕ್ಕೇ ಸೇರುತ್ತದೆ. ಒಂದು ಲೆಟ್ಯೂಸ್ ಗಿಡ ಸುಮಾರು 4 ಲೀಟರ್ ನೀರಿನಲ್ಲೇ ಬೆಳೆದು ನಿಲ್ಲುತ್ತದೆ. ನೀರಿನ ಬೆಲೆ ತಿಳಿದ ಮನೆಗೆ ಇದು ಸಣ್ಣ ಲಾಭವಲ್ಲ. ಕೊಯ್ಲಿನ ನಂತರ ಉಳಿದ ದ್ರಾವಣವನ್ನೂ ಚೆಲ್ಲಬೇಡಿ, ತುಳಸಿಯೋ ಗುಲಾಬಿಯೋ ಇರುವ ಮಣ್ಣಿನ ಕುಂಡಕ್ಕೆ ಹಾಕಿ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಲೇಬೇಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ಶುದ್ಧ ನೀರಿನಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಸೊಪ್ಪಿನ ಆಸೆಗೆ ಮನೆಯೊಳಗೆ ಜ್ವರ ಸಾಕಿಕೊಳ್ಳುವುದು ಬುದ್ಧಿವಂತಿಕೆಯಲ್ಲ. ಕಪ್ಪಿಗೂ ಕ್ಯಾನಿನ ಬಾಯಿಗೂ ನಡುವೆ ಸಂದು ಉಳಿದರೆ ಬಟ್ಟೆ ತುರುಕಿ ಮುಚ್ಚಿ. ವಾರಕ್ಕೊಮ್ಮೆ ಕಪ್ಪನ್ನೆತ್ತಿ ನೋಡಿ. ಮರಿಹುಳು ಕಂಡರೆ ಆ ನೀರನ್ನು ಕೂಡಲೇ ಒಣನೆಲಕ್ಕೆ ಚೆಲ್ಲಿ, ಕ್ಯಾನನ್ನು ಉಜ್ಜಿ ತೊಳೆಯಿರಿ. ಊರಿಗೆ ಹೋಗುವಾಗ ಪುದೀನದ ಲೋಟವನ್ನು ಹಾಗೆಯೇ ಬಿಟ್ಟು ಹೋಗಬೇಡಿ.

ಕ್ಯಾನನ್ನು ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೀಳುವ ಕಡೆ ಇಡಿ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನದ ಬಿಸಿಲಿಗೆ ನೀರು ಕಾದರೆ ಬೇರು ಕೊಳೆಯುತ್ತದೆ, ಆಗ ನೆರಳು ಮಾಡಿ. ಪಾಲಕ್ ಕೊಯ್ಲಿಗೆ ಸುಮಾರು ನಲವತ್ತು ದಿನ ಬೇಕು. ಹೊರಗಿನ ಎಲೆ ಕಿತ್ತು ನಡುವಿನದನ್ನು ಬಿಟ್ಟರೆ ಮತ್ತೆ ಚಿಗುರುತ್ತದೆ.

ನಿಜ ಹೇಳಬೇಕೆಂದರೆ, ಇದರಿಂದ ತರಕಾರಿಯ ಖರ್ಚು ಕಡಿಮೆಯಾಗದು. ಒಂದು ಕ್ಯಾನಿನ ಪಾಲಕ್ ದಾಲ್‌ಗೆ ಹಾಕಲಷ್ಟೇ ಸಾಕಾದೀತು. ಆದರೆ ಒಂದು ಹಿಡಿ ಸೊಪ್ಪು ಬೆಳೆಯಲು ಎಷ್ಟು ದಿನ, ಎಷ್ಟು ನೀರು, ಎಷ್ಟು ಕಾಳಜಿ ಬೇಕೆಂದು ಕಣ್ಣಾರೆ ಕಂಡ ಮಗು ತಟ್ಟೆಯಲ್ಲಿ ಸೊಪ್ಪು ಬಿಟ್ಟು ಏಳುವ ಮುನ್ನ ಒಮ್ಮೆ ಯೋಚಿಸುತ್ತದೆ. ಮುಂದಿನ ಸಲ ಪುದೀನ ತಂದಾಗ ನಾಲ್ಕು ಕಡ್ಡಿಯನ್ನು ಕಸಕ್ಕೆ ಹಾಕದೆ ಲೋಟದಲ್ಲಿಡಿ. ನೀರು ಬದಲಿಸುವ ಕೆಲಸವನ್ನು ಮಗುವಿಗೇ ವಹಿಸಿ.