ದುಡ್ಡು ದಿಲ್ಲಿಯದು, ದಾರಿ ಯಾರದು?

ಸಂವಿಧಾನದ 7ನೇ ಅನುಸೂಚಿಯನ್ನು ಮಾತ್ರ ಓದಿದವರಿಗೆ ಯಾವ ಸರ್ಕಾರದ ಕೆಲಸ ಯಾವುದೆಂಬ ಸಂದೇಹ ಬರಲಾರದು. ರಕ್ಷಣೆ, ರೈಲ್ವೆ, ನಾಣ್ಯ ಕೇಂದ್ರದ್ದು. ಕೃಷಿ, ನೀರು, ಸಾರ್ವಜನಿಕ ಆರೋಗ್ಯ, ಸ್ಥಳೀಯ ಆಡಳಿತ ರಾಜ್ಯದ್ದು. ಶಿಕ್ಷಣ ಕೂಡ 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಸೇರಿಸುವ ತನಕ ರಾಜ್ಯದ ಪಾಲಿಗೇ ಇತ್ತು. ಆದರೆ ಹಳ್ಳಿಗಳಲ್ಲಿ ನೆಟ್ಟಿರುವ ಕಾಮಗಾರಿ ಫಲಕಗಳನ್ನು ಓದಿದರೆ ಬೇರೆಯೇ ಸಂವಿಧಾನ ಕಾಣುತ್ತದೆ. ನಲ್ಲಿ ಬಂದದ್ದು ಜಲ ಜೀವನ್ ಮಿಷನ್‌ನಿಂದ, ರಸ್ತೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಿಂದ, ಮನೆ ಆವಾಸ್ ಯೋಜನೆಯಿಂದ. ಇಷ್ಟಕ್ಕೂ ಆಸರೆ 282ನೇ ವಿಧಿ. ತನಗೆ ಕಾನೂನು ಮಾಡುವ ಅಧಿಕಾರವಿಲ್ಲದ ವಿಷಯಕ್ಕೂ ಸಾರ್ವಜನಿಕ ಉದ್ದೇಶವಿದ್ದರೆ ಸರ್ಕಾರ ಅನುದಾನ ಕೊಡಬಹುದು ಎನ್ನುವ ಈ ವಿಧಿ, ಹಣಕಾಸಿನ ಇತರೆ ಉಪಬಂಧಗಳ ನಡುವೆ ಒಂದು ಮೂಲೆಯಲ್ಲಿದೆ. ಸಂಸದರ ಪ್ರದೇಶಾಭಿವೃದ್ಧಿ ನಿಧಿಯ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ವಿಶಾಲ ಅರ್ಥವನ್ನೇ ಕೊಟ್ಟಿತು. ಹಾಗಾಗಿ ಕೇಂದ್ರಕ್ಕೆ ಅಧಿಕಾರವಿದೆಯೇ ಎಂಬ ಚರ್ಚೆಯಲ್ಲಿ ಈಗ ಹೆಚ್ಚು ಹುರುಳಿಲ್ಲ. ಆ ಅಧಿಕಾರವನ್ನು ಎಲ್ಲಿಯವರೆಗೆ ಬಳಸುವುದು ಸರಿ ಎಂಬುದೇ ಕೇಳಬೇಕಾದ ಪ್ರಶ್ನೆ.

ಕೇಂದ್ರದ ಯೋಜನೆ ಅನಿವಾರ್ಯವಾದ ಸಂದರ್ಭಗಳು ಖಂಡಿತ ಇವೆ. ಪೋಲಿಯೊ ವೈರಸ್ ರಾಜ್ಯದ ಗಡಿಯಲ್ಲಿ ನಿಲ್ಲುವುದಿಲ್ಲ. ಕರ್ನಾಟಕ ಎಷ್ಟೇ ಶ್ರದ್ಧೆಯಿಂದ ಲಸಿಕೆ ಹಾಕಿದರೂ ಉತ್ತರ ಪ್ರದೇಶದಲ್ಲೋ ಬಿಹಾರದಲ್ಲೋ ಸೋಂಕು ಉಳಿದರೆ ಆ ಶ್ರಮ ಅರ್ಧಕ್ಕೇ ನಿಂತಂತೆ. 1995ರಲ್ಲಿ ದೇಶದುದ್ದಕ್ಕೂ ಪಲ್ಸ್ ಪೋಲಿಯೊ ಆರಂಭವಾಯಿತು. 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡದ್ದೇ ಕೊನೆಯ ಪ್ರಕರಣ. 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ರಾಜ್ಯಗಳು ತಮತಮಗೆ ತೋಚಿದ ದಿನ, ತೋಚಿದ ರೀತಿಯಲ್ಲಿ ಮಾಡಿದ್ದರೆ ಇದು ಆಗುತ್ತಿರಲಿಲ್ಲ. ಹಾಗೆಯೇ, ಬಡ ರಾಜ್ಯದಲ್ಲಿ ಹುಟ್ಟಿದ ಕಾರಣಕ್ಕೆ ಮಗುವಿಗೆ ಶಾಲೆ, ಔಷಧಿ ಸಿಗದೆ ಹೋದರೆ ಒಂದೇ ದೇಶದ ಪೌರರು ಎಂಬ ಮಾತಿಗೆ ಬೆಲೆಯಿಲ್ಲ. ಇದಕ್ಕಿಂತ ಕೆಳಗೆ ಯಾರೂ ಇಳಿಯಬಾರದು ಎಂಬ ಮಟ್ಟವೊಂದನ್ನು ಗೊತ್ತುಮಾಡಿ, ಅದಕ್ಕೆ ಹಣ ಒದಗಿಸುವುದು ಒಕ್ಕೂಟದ ಹೊಣೆ. ಕರ್ನಾಟಕದ ತೆರಿಗೆ ಬಿಹಾರಕ್ಕೇಕೆ ಎಂದು ಕೇಳುವವರು, ಬೆಂಗಳೂರಿನ ತೆರಿಗೆ ಯಾದಗಿರಿಗೇಕೆ ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿಟ್ಟುಕೊಳ್ಳಬೇಕಾಗುತ್ತದೆ.

ಆದರೆ ಹೊಣೆ ಹೊರುವುದು ಬೇರೆ, ವಿಧಾನವನ್ನೂ ತಾನೇ ಬರೆದುಕೊಡುವುದು ಬೇರೆ. ನಮ್ಮ ದೊಡ್ಡ ಜನಪರ ಯೋಜನೆಗಳ ಹುಟ್ಟೂರು ದಿಲ್ಲಿಯಲ್ಲ. ಶಾಲೆಯ ಬಿಸಿಯೂಟ ಕಾಮರಾಜರ ಕಾಲದ ಮದ್ರಾಸಿನಲ್ಲಿ ಬೇರೂರಿ, 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರ ಕೈಯಲ್ಲಿ ಹಬ್ಬಿತು. ಕೇಂದ್ರ ಅದನ್ನು ಕೈಗೆತ್ತಿಕೊಂಡದ್ದು 1995ರಲ್ಲಿ. ಆಗಲೂ ಅನೇಕ ರಾಜ್ಯಗಳು ಬೇಯಿಸಿದ ಅನ್ನದ ಬದಲು ಧಾನ್ಯ ಹಂಚುತ್ತಿದ್ದವು. ಬೇಯಿಸಿಯೇ ಬಡಿಸಬೇಕೆಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಉದ್ಯೋಗ ಖಾತ್ರಿಯ ಕಲ್ಪನೆ 1970ರ ದಶಕದ ಬರದಲ್ಲಿ ಮಹಾರಾಷ್ಟ್ರದಲ್ಲಿ ಪ್ರಯೋಗವಾಗಿ, 2005ರಲ್ಲಿ ಸಂಸತ್ತಿನ ಕಾಯ್ದೆಯಾಯಿತು. ಒಂದು ರಾಜ್ಯ ಕಂಡುಕೊಂಡದ್ದನ್ನು ಉಳಿದವರಿಗೂ ಎಟುಕಿಸುವುದು ಕೇಂದ್ರಕ್ಕೆ ಒಪ್ಪುವ ಕೆಲಸ. ಎಲ್ಲ ರಾಜ್ಯಗಳ ಬಜೆಟ್ಟನ್ನೂ ದಿಲ್ಲಿಯ ಮಾರ್ಗಸೂಚಿಗೆ ಕಟ್ಟಿಹಾಕಿದರೆ, ನಾಳೆಯ ಬಿಸಿಯೂಟವನ್ನು ಕಂಡುಹಿಡಿಯಲು ಯಾರ ಬಳಿಯೂ ಬಿಡಿ ಹಣ ಉಳಿಯುವುದಿಲ್ಲ.

ಮಾರ್ಗಸೂಚಿ ಎಡವುವುದು ಹೇಗೆಂಬುದಕ್ಕೆ ಗ್ರಾಮ ಸಡಕ್ ಯೋಜನೆಯನ್ನೇ ನೋಡಬಹುದು. 2000ದಲ್ಲಿ ಆರಂಭವಾದಾಗ ಅದರ ನಿಯಮ ಸರಳವಾಗಿತ್ತು: ಬಯಲು ಸೀಮೆಯಲ್ಲಿ 500 ಜನಸಂಖ್ಯೆಯ ಜನವಸತಿಗೆ ರಸ್ತೆ, ಗುಡ್ಡಗಾಡು ರಾಜ್ಯಗಳು, ಮರುಭೂಮಿ, 5ನೇ ಅನುಸೂಚಿಯ ಬುಡಕಟ್ಟು ಪ್ರದೇಶಗಳಲ್ಲಿ 250 ಇದ್ದರೆ ಸಾಕು. ಗುಂಪುಗೂಡಿದ ಊರುಗಳ ಉತ್ತರ ಭಾರತದ ಬಯಲಿಗೆ ಈ ಲೆಕ್ಕ ಚೆನ್ನಾಗಿಯೇ ಹೊಂದುತ್ತದೆ. ಮಲೆನಾಡಿನಲ್ಲಿ ಊರೆಂದರೆ ತೋಟಕ್ಕೊಂದು ಮನೆ, ಹಳ್ಳದಾಚೆ ಇನ್ನೆರಡು ಮನೆ. ಸಂಪರ್ಕವಿಲ್ಲದ 500 ಜನ ಅಲ್ಲಿಯೂ ಇದ್ದಾರೆ, ಆದರೆ ಒಂದೇ ಕಡೆ ಇಲ್ಲ. ಪಶ್ಚಿಮ ಘಟ್ಟ ಗುಡ್ಡಗಾಡೇ ಆದರೂ ಕರ್ನಾಟಕ ಗುಡ್ಡಗಾಡು ರಾಜ್ಯವಲ್ಲ; ಬುಡಕಟ್ಟು ಜನರಿದ್ದರೂ ಇಲ್ಲಿ 5ನೇ ಅನುಸೂಚಿಯ ಪ್ರದೇಶವಿಲ್ಲ. ಯಾರೂ ಕೇಡು ಬಯಸಿ ಬರೆದ ನಿಯಮವಲ್ಲ ಇದು. ದೂರದಿಂದ ನೋಡುವವರ ಕಣ್ಣಿಗೆ ಬೀಳುವುದು ಜನಗಣತಿಯ ಅಂಕಿ. ಮಳೆಗಾಲದಲ್ಲಿ ಮುಚ್ಚಿಹೋಗುವ ಕಾಲುದಾರಿ ಅಲ್ಲಿಗೆ ಕಾಣುವುದಿಲ್ಲ. ಅನ್ನದ ವಿಷಯದಲ್ಲೂ ಇದೇ ಕತೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಒರಟು ಧಾನ್ಯಕ್ಕೂ ಜಾಗವಿತ್ತು, ಆದರೆ ಕೇಂದ್ರದ ಗೋದಾಮು ತುಂಬಿರುವುದು ಅಕ್ಕಿ, ಗೋಧಿಯಿಂದ. ಮುದ್ದೆಯ ಸೀಮೆಯೂ ರೊಟ್ಟಿಯ ಸೀಮೆಯೂ ಅದಕ್ಕೆ ಹೊಂದಿಕೊಳ್ಳಬೇಕು. 2023ರಲ್ಲಿ ತನ್ನ ಅನ್ನಭಾಗ್ಯ ಯೋಜನೆಗೆ ಹೆಚ್ಚುವರಿ 5 ಕೆ.ಜಿ. ಅಕ್ಕಿಯನ್ನು ಹಣ ಕೊಟ್ಟು ಕೊಳ್ಳಲು ರಾಜ್ಯ ಮುಂದಾದಾಗ ಕೇಂದ್ರ ರಾಜ್ಯಗಳಿಗೆ ಮಾರುವುದನ್ನೇ ನಿಲ್ಲಿಸಿತು. ಕೊನೆಗೆ ಅಕ್ಕಿಯ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ಫಲಾನುಭವಿಗಳ ಖಾತೆಗೆ ಹಾಕಬೇಕಾಯಿತು.

ಇದಕ್ಕಿಂತ ಗಂಭೀರವಾದದ್ದು ಷರತ್ತುಗಳ ಪ್ರಶ್ನೆ. ಹಣ ಕೊಟ್ಟವರು ಲೆಕ್ಕ ಕೇಳುವುದು ನ್ಯಾಯ. ಶಾಲೆಗೆಂದು ಕೊಟ್ಟ ಹಣಕ್ಕೆ ಮಕ್ಕಳು ಓದಲು ಕಲಿತರೇ ಎಂದು ಕೇಳುವುದು ಇನ್ನೂ ನ್ಯಾಯ. ಆದರೆ ಒಂದು ಯೋಜನೆಯ ಹಣವನ್ನು ಇನ್ನೊಂದಕ್ಕೆ ಒಪ್ಪಿಗೆ ಪಡೆಯುವ ಸಾಧನವಾಗಿಸಿದರೆ ಅದು ಲೆಕ್ಕ ಕೇಳುವುದಲ್ಲ, ಕೈ ತಿರುಚುವುದು. ಕೇಂದ್ರದ ಮಾದರಿ ಶಾಲೆಗಳ ಯೋಜನೆಯಾದ ಪಿಎಂ ಶ್ರೀ ಒಪ್ಪಂದಕ್ಕೆ ಸಹಿ ಹಾಕಿದ ರಾಜ್ಯ 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಇಡಿಯಾಗಿ ಒಪ್ಪಿಕೊಂಡಂತೆ. ತಮಿಳುನಾಡು ಸಹಿ ಹಾಕಲಿಲ್ಲ. ಅದಕ್ಕೆ ತಡೆಬಿದ್ದದ್ದು ಬೇರೆಯೇ ಯೋಜನೆಯಾದ ಸಮಗ್ರ ಶಿಕ್ಷಣದ ಹಣಕ್ಕೆ. ಆ ರಾಜ್ಯ ಹೇಳಿದ ಬಾಕಿ 2,152 ಕೋಟಿ ರೂಪಾಯಿ. ನೀತಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಇಲ್ಲಿ ಅಪ್ರಸ್ತುತ. ಲೆಕ್ಕ ಕೇಳುವುದು ಎಲ್ಲಿ ಮುಗಿದು ಕೈ ತಿರುಚುವುದು ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಎಳೆಯಲು ಅಮೆರಿಕದ ಸುಪ್ರೀಂ ಕೋರ್ಟ್ ಪ್ರಯತ್ನಿಸಿದೆ. ಮದ್ಯಪಾನದ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯದ ಹೆದ್ದಾರಿ ಅನುದಾನದಲ್ಲಿ ಸಣ್ಣ ಪಾಲು ಕಡಿತ ಮಾಡಬಹುದೆಂದು 1987ರಲ್ಲಿ, ಸೌತ್ ಡಕೋಟ ಪ್ರಕರಣದಲ್ಲಿ ಅದು ಒಪ್ಪಿತು. ಆದರೆ 2012ರಲ್ಲಿ, ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನ ವಿಸ್ತರಣೆಗೆ ಒಪ್ಪದ ರಾಜ್ಯಕ್ಕೆ ಈಗಾಗಲೇ ಬರುತ್ತಿರುವ ಮೆಡಿಕೇಡ್ ಹಣವನ್ನೆಲ್ಲ ನಿಲ್ಲಿಸುವುದು ಬಲವಂತ ಎಂದು ಒಂಬತ್ತರಲ್ಲಿ ಏಳು ನ್ಯಾಯಮೂರ್ತಿಗಳು ಹೇಳಿದರು. ‘ಬೇಡ’ ಎನ್ನುವ ಸ್ವಾತಂತ್ರ್ಯ ರಾಜ್ಯಕ್ಕೆ ನಿಜವಾಗಿ ಉಳಿದಿದೆಯೇ ಎಂಬುದೇ ಅಲ್ಲಿನ ಒರೆಗಲ್ಲು. 282ನೇ ವಿಧಿಗೆ ಇಂಥದೊಂದು ಒರೆಗಲ್ಲು ನಮ್ಮಲ್ಲಿ ಇನ್ನೂ ಸಿದ್ಧವಾಗಿಲ್ಲ.

ಷರತ್ತಿಲ್ಲದೆ ಹಣ ಕೊಟ್ಟರೆ ರಾಜ್ಯಗಳು ಸಂಬಳಕ್ಕೂ ಚುನಾವಣೆಯ ಕೊಡುಗೆಗಳಿಗೂ ಸುರಿದುಬಿಡುತ್ತವೆ ಎಂಬ ಆಕ್ಷೇಪವಿದೆ. ಸುಳ್ಳೇನಲ್ಲ. ಆದರೆ ಈಗಿನ ಪದ್ಧತಿ ಇದಕ್ಕೆ ಮದ್ದಾಗಿದೆಯೇ? ಮುಖ್ಯಮಂತ್ರಿಗಳ ಉಪಸಮಿತಿ 2015ರಲ್ಲಿ ಶಿಫಾರಸು ಮಾಡಿದಂತೆ ಬಹುತೇಕ ಪ್ರಮುಖ ಯೋಜನೆಗಳಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90:10ರ ರಿಯಾಯಿತಿ ಇದೆ, ಬಿಹಾರಕ್ಕಿಲ್ಲ. 40 ರೂಪಾಯಿ ಹೊಂದಿಸಲಾಗದ ರಾಜ್ಯ 60ನ್ನೂ ಕಳೆದುಕೊಳ್ಳುತ್ತದೆ; ಹೊಂದಿಸಬಲ್ಲ ರಾಜ್ಯ ಪಡೆಯುತ್ತದೆ. ಬಡವರ ಹೆಸರಿನ ಯೋಜನೆ ಹೀಗೆ ಉಳ್ಳವರ ಕಡೆ ವಾಲಬಲ್ಲದು. ಅಂತರ ತಗ್ಗಿಸುವ ಕೆಲಸಕ್ಕೆ, ತೆರಿಗೆ ಹಂಚಿಕೆಯನ್ನು ಶಿಫಾರಸು ಮಾಡುವ ಹಣಕಾಸು ಆಯೋಗ ಇದೆಯಲ್ಲ! ಅದರ ಸೂತ್ರ ಎಲ್ಲರ ಕಣ್ಣೆದುರಿಗಿರುತ್ತದೆ, ಅದರ ಬಗ್ಗೆ ಜಗಳವಾಡಬಹುದು. ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಆಯೋಗದ ಶೇ 4.713ರಿಂದ 15ನೆಯದರಲ್ಲಿ ಶೇ 3.647ಕ್ಕೆ ಇಳಿದಾಗ ಇಲ್ಲಿ ಎದ್ದ ಸಿಟ್ಟಿಗೆ ಆಧಾರವಾದದ್ದು ಆ ಬಹಿರಂಗ ಸೂತ್ರವೇ. ಯಾವುದೋ ಸಚಿವಾಲಯದ ಸುತ್ತೋಲೆಯೊಂದಿಗೆ ಹಾಗೆ ಜಗಳವಾಡಲು ಬರುವುದಿಲ್ಲ. 14ನೇ ಆಯೋಗ ರಾಜ್ಯಗಳ ತೆರಿಗೆ ಪಾಲನ್ನು ಶೇ 32ರಿಂದ 42ಕ್ಕೆ ಏರಿಸಿದ್ದು ಒಳ್ಳೆಯ ಹೆಜ್ಜೆ. ಆದರೆ ಸೆಸ್, ಸರ್ಚಾರ್ಜ್‌ಗಳು ಹಂಚಿಕೆಯ ಬುಟ್ಟಿಯಿಂದ ಹೊರಗೇ ಇರುವುದರಿಂದ, ಅವುಗಳನ್ನು ಹೆಚ್ಚಿಸಿಕೊಂಡಷ್ಟೂ ಆ ಏರಿಕೆಯ ಅರ್ಥ ಕರಗುತ್ತದೆ.

ಇನ್ನೊಂದು ಆಕ್ಷೇಪವನ್ನು ತಳ್ಳಿಹಾಕುವುದು ಕಷ್ಟ. ದಿಲ್ಲಿ ಬೆಂಗಳೂರಿಗೆ ಮಾಡುವುದನ್ನೇ ಬೆಂಗಳೂರು ಪಂಚಾಯಿತಿಗಳಿಗೆ ಮಾಡುತ್ತಿದೆ. ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುಂದಾಳತ್ವದಲ್ಲಿ 1983ರ ಪಂಚಾಯಿತಿ ಕಾಯ್ದೆ ರೂಪಿಸಿ, ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ ದೇಶಕ್ಕೆ ದಾರಿ ತೋರಿದ ರಾಜ್ಯ ಇದು. ಅದೇ ರಾಜ್ಯದಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಧಿಕಾರಿಗಳೇ ಆಡಳಿತ ನಡೆಸಿದರು. ಹಾಗೆಂದು ದಿಲ್ಲಿಯ ನಡೆ ಸರಿಯಾಗುವುದಿಲ್ಲ. ಮಲೆನಾಡಿನ ರಸ್ತೆಯ ಅಳತೆಗೋಲು ದಿಲ್ಲಿಗೆ ಗೊತ್ತಾಗದು ಎಂಬ ವಾದ ನಿಂತಿರುವುದೇ ಹತ್ತಿರದವರಿಗೆ ಹೆಚ್ಚು ಕಾಣುತ್ತದೆ ಎಂಬ ನಂಬಿಕೆಯ ಮೇಲೆ. ಅದನ್ನು ವಿಧಾನಸೌಧಕ್ಕೆ ತಂದು ನಿಲ್ಲಿಸಿಬಿಡಲು ಬರುವುದಿಲ್ಲ, ತೀರ್ಥಹಳ್ಳಿಯವರೆಗೂ ಒಯ್ಯಬೇಕಾಗುತ್ತದೆ. ಮುಂದಿನ ಹಣಕಾಸು ಆಯೋಗದ ಎದುರು ಕರ್ನಾಟಕ ತನ್ನ ಮನವಿ ಇಡುವಾಗ, ತನ್ನ ಬಜೆಟ್ಟಿನಲ್ಲಿ ಪಂಚಾಯಿತಿಗಳಿಗೆ ಷರತ್ತಿಲ್ಲದೆ ಬಿಟ್ಟುಕೊಟ್ಟ ಹಣವೆಷ್ಟು ಎಂಬ ಲೆಕ್ಕವನ್ನೂ ಜೊತೆಗೇ ಇಟ್ಟರೆ ಆ ಮನವಿಗೆ ತೂಕ ಬರುತ್ತದೆ.